ಕಾವಲಿಗೆ ಯೂರಿಯಾ ಎರಚಬಹುದೇ?

ಪ್ರಶ್ನೆ: ಚಳ್ಳಕೆರೆ ಕಡೆಯ ನಮ್ಮ ಕಾವಲಿನಲ್ಲಿ, ಅಂದರೆ ಮಂದೆ ಮೇಯುವ ಹುಲ್ಲುಗಾವಲಿನಲ್ಲಿ, ಎಲ್ಲಿ ನೋಡಿದರೂ ಬಲಿತರೆ ಕುರಿ ಮುಟ್ಟದ ಹಂಚಿ ಹುಲ್ಲು. ಮಣ್ಣಿನಲ್ಲಿ ಸತ್ವವಿಲ್ಲದ್ದೇ ಕಾರಣವೇ? ಯೂರಿಯಾ ಎರಚಿದರೆ ಒಳ್ಳೆಯ ಹುಲ್ಲು ಬಂದೀತೇ?

ಮುಂಗಾರು ಹತ್ತಿರವಾದಾಗ ಈ ಪ್ರಶ್ನೆ ಬಾರದ ವರ್ಷವಿಲ್ಲ. ಉತ್ತರವೂ ಬದಲಾಗಿಲ್ಲ: ಎರಚಬೇಡಿ.

ಕೆಂಪು ಗರಸು ನೆಲದಲ್ಲಿ ಸಾರಜನಕ, ರಂಜಕ ಕಡಿಮೆ, ಒಪ್ಪಿದೆ. ಆದರೆ ಗೊಬ್ಬರ ಬಿದ್ದರೆ ಎಲ್ಲ ಹುಲ್ಲೂ ಹುಲುಸಾಗುತ್ತದೆ ಎಂಬ ನಂಬಿಕೆ ಮೆಕ್ಕೆಜೋಳದ ಹೊಲದ್ದು. ಅಲ್ಲಿರುವುದು ಒಂದೇ ಬೆಳೆ, ಕಳೆ ಕೀಳಲು ನೀವಿದ್ದೀರಿ. ಕಾವಲಿನಲ್ಲಿ ಹತ್ತಾರು ಜಾತಿಗಳು ಪೈಪೋಟಿಗೆ ನಿಂತಿರುತ್ತವೆ. ಸಾರಜನಕ ಸಿಕ್ಕೊಡನೆ ಬೇಗ ಬೆಳೆಯುವ ಎರಡು ಮೂರು ಜಾತಿಗಳು ಎತ್ತರಕ್ಕೆ ಎದ್ದು, ಉಳಿದವುಗಳ ಬಿಸಿಲನ್ನೇ ಕಸಿಯುತ್ತವೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಒಂದೇ ಹುಲ್ಲುಗಾವಲಿನ ಮೇಲೆ ಪ್ರಯೋಗ ನಡೆದಿದೆ. ಏನೂ ಹಾಕದ ತಾಕುಗಳಲ್ಲಿ ಸುಮಾರು 40 ಜಾತಿಗಳಿವೆ. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟ್ ಸುರಿದ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಬೆರಳೆಣಿಕೆಯಷ್ಟು ಜಾತಿಗಳು ಉಳಿದಿವೆ.

ಅದು ಮಳೆಯ ದೇಶ ಎನ್ನುತ್ತೀರಿ. ಸರಿ, ನಮ್ಮಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಇಲ್ಲಿ ಹುಲ್ಲಿಗೆ ಮೊದಲ ಕೊರತೆ ನೀರಿನದು. ಹಸಿ ಸಾಲದ ನೆಲದ ಮೇಲೆ ಬಿದ್ದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಉಳಿದದ್ದಕ್ಕೆ ಮೊದಲು ಬಾಯಿ ಹಾಕುವುದು ಪಾರ್ಥೇನಿಯಂ. ನಂಬಿಕೆ ಬಾರದಿದ್ದರೆ ಹಟ್ಟಿಯವರು ಬಿಟ್ಟುಹೋದ ಹಳೆಯ ಕುರಿ ರೊಪ್ಪದ (ರಾತ್ರಿ ಕುರಿ ಕೂಡುವ ದೊಡ್ಡಿಯ) ಜಾಗವನ್ನು ನೋಡಿ. ಗೊಬ್ಬರಕ್ಕೆ ಅಲ್ಲೇನೂ ಬರವಿಲ್ಲ. ಬೆಳೆದಿರುವುದೇನು? ಉತ್ತರಾಣಿ, ತಗಚೆ, ಅಂಚಿನಲ್ಲಿ ಗರಿಕೆ. ಗೊಬ್ಬರದ ಗುರುತು ಬೇಗ ಅಳಿಯುವುದೂ ಇಲ್ಲ: ಕೆನ್ಯಾದ ಲೈಕಿಪಿಯಾದಲ್ಲಿ ದನದ ದೊಡ್ಡಿಗಳಿದ್ದ ಜಾಗಗಳು ದಶಕಗಳ ನಂತರವೂ ಸುತ್ತಲಿನ ಕುರುಚಲಿನ ನಡುವೆ ಬೇರೆಯದೇ ಹುಲ್ಲಿನ ಬಯಲಾಗಿ ಉಳಿದಿವೆ.

ಹಾಗಾದರೆ ಹಂಚಿ ಹುಲ್ಲು ಏಕೆ ಗೆದ್ದಿತು? ಕುರಿಗಳು ರುಚಿಯಾದದ್ದನ್ನು ಬೀಜವಾಗಲು ಬಿಡದೆ ಮೇಯುತ್ತವೆ, ಬಲಿತ ಹಂಚಿಯನ್ನು ಬಿಡುತ್ತವೆ. ಬಡ ಮಣ್ಣಿನಲ್ಲಿ ಅದು ಜುಗ್ಗನಂತೆ ಬದುಕಬಲ್ಲದು ಕೂಡ. ಇನ್ನೊಂದು ಮಾತು: ಹಗಲೆಲ್ಲ ಕಾವಲಿನಲ್ಲಿ ಮೇದ ಕುರಿ ರಾತ್ರಿ ಹಿಕ್ಕೆ ಹಾಕುವುದು ರೊಪ್ಪದಲ್ಲಿ. ಅಲ್ಲಿಂದ ಗೊಬ್ಬರ ಟ್ರ್ಯಾಕ್ಟರ್ ಏರಿ ತೋಟಕ್ಕೆ ಹೋಗುತ್ತದೆ. ಕಾವಲಿನ ಸತ್ವ ಎಲ್ಲಿ ಹೋಯಿತೆಂದು ಕೇಳುವವರೇ ಅದನ್ನು ಮಾರಿದವರು! ಕಾವಲನ್ನು ಭಾಗ ಮಾಡಿ, ಪ್ರತಿ ಮುಂಗಾರಿನಲ್ಲಿ ಒಂದು ಭಾಗಕ್ಕೆ ಬೀಜ ಉದುರುವವರೆಗೆ ಮಂದೆ ಬಿಡಬೇಡಿ. ಮಣ್ಣು ಪರೀಕ್ಷೆಗೆ ಹಿರಿಯೂರಿನ ಕೃಷಿ ಕೇಂದ್ರವಾದ ಬಬ್ಬೂರು ಫಾರಂಗೆ ಹೋಗುವುದಾದರೆ, ರೊಪ್ಪದ ಮಣ್ಣನ್ನೂ ಬಯಲಿನ ಮಣ್ಣನ್ನೂ ಬೆರೆಸಿ ಒಯ್ಯಬೇಡಿ.

ದ್ವಿದಳ ಜಾತಿಯ ತಂಗಡಿ ಇದೆಯಲ್ಲ, ಅದು ಸಾರಜನಕ ತುಂಬುವುದಿಲ್ಲವೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಇಲ್ಲ, ಅದರ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳೇ ಇರುವುದಿಲ್ಲ.

ಗಂಟು ಕಟ್ಟುವುದು ಬಳ್ಳಾರಿ ಜಾಲಿ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಬುಡದ ಮಣ್ಣು ಬಯಲಿಗಿಂತ ಸಾರವತ್ತಾಗಿರುತ್ತದೆ ನಿಜ, ಆದರೆ ದಟ್ಟ ನೆರಳಿನಲ್ಲಿ ಹುಲ್ಲು ಬಾರದು. ಮೇಲಿಂದ ಕಡಿದರೆ ಮತ್ತೆ ಚಿಗುರುತ್ತದೆ, ಬುಡವನ್ನು ಅಗೆದೇ ತೆಗೆಯಬೇಕು. ಕಾಯಿ ತಿಂದ ಕುರಿ, ಮೇಕೆಗಳ ಹಿಕ್ಕೆಯಲ್ಲಿ ಬೀಜ ಜೀವಂತವಾಗಿ ಹೊರಬರುತ್ತದೆ. ಆದ್ದರಿಂದ ಜಾಲಿಯ ಕೆಳಗೆ ಕಾಯಿ ಮೇದ ಮಂದೆಯನ್ನು ನೇರವಾಗಿ ಒಳ್ಳೆಯ ಹುಲ್ಲಿನ ಭಾಗಕ್ಕೆ ಹೊಡೆಯಬೇಡಿ.