ಕ್ಯಾನನ್: ಆಟಕ್ಕುಂಟು, ಲೆಕ್ಕಕ್ಕಿದೆಯಾ?

ಮೊದಲೇ ಹೇಳಿಬಿಡುತ್ತೇನೆ, ಇದು ಫಿರಂಗಿಯ ವಿಷಯ ಅಲ್ಲ. ಕ್ಯಾಮೆರಾ ಕಂಪನಿಯದ್ದೂ ಅಲ್ಲ. ಕನ್ನಡದಲ್ಲಿ ಬರೆದರೆ ಮೂರೂ ಒಂದೇ ಥರ ಕಾಣುತ್ತವೆ, ಏನು ಮಾಡೋದು.

ಈ ಪದ ನನ್ನ ಕಿವಿಗೆ ಮೊದಲು ಬಿದ್ದಿದ್ದು 'ಗಾರ್ಗಾಯ್ಲ್ಸ್' ಅನ್ನೋ ಹಳೆಯ ಅಮೆರಿಕನ್ ಕಾರ್ಟೂನ್ ಸರಣಿ ನೋಡುವಾಗ. ಎರಡನೇ ಸೀಸನ್‌ನ ಕೊನೆಯ ಕಂತು ಮುಗಿದಿತ್ತು. ಮುಂದಿನದ್ದನ್ನು ಒತ್ತೋಕೆ ಕೈ ಹೋಗಿತ್ತು. ಪಕ್ಕದಲ್ಲಿದ್ದ ಗೆಳೆಯ ತಡೆದ.

"ಇಲ್ಲಿಗೆ ನಿಲ್ಲಿಸೋ. ಮೂರನೇದು ಕ್ಯಾನನ್ ಅಲ್ಲ."

"ಅಲ್ಲ ಅಂದ್ರೆ? ಇಲ್ಲೇ ಕಾಣ್ತಿದೆಯಲ್ಲೋ, 13 ಕಂತು."

"ಇದೆ. ಆದ್ರೆ ನಡೆದಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಅವನೇ ತಿದ್ದಿಕೊಂಡ. "ಮೊದಲನೇ ಕಂತು ನಡೆದಿದೆ. ಉಳಿದ 12 ನಡೆದಿಲ್ಲ."

ಒಂದೇ ಸೀಸನ್, ಒಂದೇ ಹೆಸರು, ಅವೇ ಪಾತ್ರಗಳು. ಅದರಲ್ಲಿ ಒಂದು ಕಂತು ಒಳಗೆ, 12 ಹೊರಗೆ. ಇದನ್ನು ಯಾರು ತೀರ್ಮಾನ ಮಾಡಿದರು, ಯಾವ ಅಧಿಕಾರದಲ್ಲಿ? ಈ ಪದದ ಅರ್ಥವೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಸರಳವಾಗಿ ಹೇಳೋದಾದರೆ, ಒಂದು ಕಥಾಲೋಕದಲ್ಲಿ ಯಾವುದು ನಿಜಕ್ಕೂ ನಡೆದದ್ದು ಅಂತ ಲೆಕ್ಕಕ್ಕೆ ಬರುತ್ತದೋ ಅದು ಕ್ಯಾನನ್. ಉಳಿದದ್ದು ನಾನ್-ಕ್ಯಾನನ್. ಇದಕ್ಕೆ ನಮ್ಮಲ್ಲಿ ಎಷ್ಟು ಚೆನ್ನಾಗಿರೋ ಮಾತಿದೆ ನೋಡಿ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಚಿಕ್ಕ ಮಗು ಹಟ ಮಾಡಿತು ಅಂತ ದೊಡ್ಡವರ ಆಟಕ್ಕೆ ಸೇರಿಸಿಕೊಳ್ಳುತ್ತೇವೆ. ಅದೂ ಓಡುತ್ತದೆ, ಅದೂ ಬೀಳುತ್ತದೆ, ಮಂಡಿ ಕೆತ್ತಿಕೊಂಡರೆ ನೋವೂ ನಿಜವೇ. ಆದರೆ ಅದು ಔಟಾದರೆ ಯಾರೂ ಬರೆದುಕೊಳ್ಳಲ್ಲ. ನಾನ್-ಕ್ಯಾನನ್ ಸೀಸನ್ ಅಂದರೆ ಹೆಚ್ಚುಕಡಿಮೆ ಅದೇ.

ಪದದ ಮೂಲ ಗ್ರೀಕ್ ಭಾಷೆಯ 'ಕಾನೋನ್'. ನೆಟ್ಟಗಿರೋ ಕೋಲು, ಅಳತೆಗೋಲು ಅಂತ ಅರ್ಥ. ಅದರ ಹಿಂದೆ ಜೊಂಡು ಅನ್ನೋ ಅರ್ಥದ ಇನ್ನೊಂದು ಪದ ಇದೆ. ಅದೇ ಜೊಂಡಿನ ಕೊಳವೆಯಿಂದ ಫಿರಂಗಿಯ ಇಂಗ್ಲಿಷ್ ಹೆಸರೂ ಹುಟ್ಟಿತು. ಹಾಗಾಗಿ ನಾನು ಮೊದಲ ಸಾಲಿನಲ್ಲಿ ಕೈಬಿಟ್ಟ ಫಿರಂಗಿಯೂ ದೂರದ ನೆಂಟನೇ. ಇನ್ನೂ ಹತ್ತಿರದ ನೆಂಟ ನಮ್ಮ ಮನೆಯಲ್ಲೇ ಇದ್ದಾನೆ. ಈ ಗ್ರೀಕ್ ಪದ ಅರಬ್ಬಿಗೆ ಹೋಗಿ 'ಖಾನೂನ್' ಆಯಿತು, ಅಲ್ಲಿಂದ ನಡೆದು ಬಂದು ಕನ್ನಡದಲ್ಲಿ ಕಾನೂನು ಆಯಿತು. ಕ್ಯಾನನ್ ಮತ್ತು ಕಾನೂನು ಒಂದೇ ಬಳ್ಳಿಯ ಕಾಯಿಗಳು. ಅಭಿಮಾನಿಗಳು ಈ ವಿಷಯಕ್ಕೆ ವಕೀಲರ ಥರ ಜಗಳ ಆಡೋದು ಸುಮ್ನೆ ಅಲ್ಲ.

ಬಹಳ ಕಾಲ ಇದು ಚರ್ಚಿನ ಪದವಾಗಿತ್ತು. ಯಾವ ಗ್ರಂಥಗಳು ಬೈಬಲ್ಲಿಗೆ ಸೇರುತ್ತವೆ, ಯಾವುವು ಸೇರಲ್ಲ ಅನ್ನೋ ಪಟ್ಟಿಗೆ ಆ ಹೆಸರು. ಕಥೆಗಳ ಲೋಕಕ್ಕೆ ಅದು ಬಂದಿದ್ದು ಷರ್ಲಾಕ್ ಹೋಮ್ಸ್ ಓದುಗರಿಂದ. 1911ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋರು ಹೋಮ್ಸ್ ಕಥೆಗಳನ್ನು ಧರ್ಮಗ್ರಂಥ ಪರಿಶೀಲಿಸುವ ಪಂಡಿತರ ಗತ್ತಿನಲ್ಲಿ, ಪೂರ್ತಿ ತಮಾಷೆಗೆ, ಬಿಡಿಸಿ ನೋಡಿದ ಒಂದು ಪ್ರಬಂಧ ಮಂಡಿಸಿದರು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಕಾನನ್ ಡಾಯ್ಲ್ ಬರೆದ 56 ಸಣ್ಣ ಕಥೆ, 4 ಕಾದಂಬರಿ, ಒಟ್ಟು 60. ಇಷ್ಟು ಕ್ಯಾನನ್, ಬೇರೆಯವರು ಬರೆದ ಸಾವಿರಾರು ಹೋಮ್ಸ್ ಕಥೆಗಳು ಅಲ್ಲ. ಅಲ್ಲಿ ಲೆಕ್ಕ ಸುಲಭ. ಬರೆದವನು ಒಬ್ಬನೇ.

ಟಿವಿ ಸರಣಿಯಲ್ಲಿ ಅಷ್ಟು ಸುಲಭ ಇಲ್ಲ. ಬರೆಯೋರು ಹತ್ತು ಜನ, ಚಿತ್ರ ಬಿಡಿಸೋರು ನೂರಾರು ಜನ, ಹಣ ಹಾಕೋರು ಬೇರೆ, ಹಕ್ಕು ಇನ್ನೊಬ್ಬರದ್ದು. ಇವರೆಲ್ಲರ ನಡುವೆ ಕಥೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋದನ್ನು ತಲೆಯಲ್ಲಿ ಇಟ್ಟುಕೊಂಡಿರುವ ಒಬ್ಬರು ಇರುತ್ತಾರೆ. ಅವರನ್ನು ಶೋರನ್ನರ್ ಅಂತಾರೆ. ಸರಣಿಯನ್ನು ಮೊದಲು ಹುಟ್ಟುಹಾಕಿದವರೇ ಶೋರನ್ನರ್ ಆಗಿರಬೇಕು ಅಂತೇನಿಲ್ಲ, ಎಷ್ಟೋ ಸಲ ಆಗಿರುತ್ತಾರೆ ಅಷ್ಟೇ. ಅವರು ಹೊರಗೆ ಹೋದರೆ, ಸರಣಿ ಮಾತ್ರ ಮುಂದುವರಿದರೆ, ಆಗ ಶುರು ಈ ಜಗಳ.

ಗಾರ್ಗಾಯ್ಲ್ಸ್ ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಡಿಸ್ನಿಯ ಈ ಸರಣಿ ಶುರುವಾಗಿದ್ದು 1994ರ ಅಕ್ಟೋಬರ್‌ನಲ್ಲಿ. ಕಥೆ ಏನಪ್ಪಾ ಅಂದರೆ, ಹಗಲು ಕಲ್ಲಾಗಿ ರಾತ್ರಿ ಜೀವ ಬರುವ ರೆಕ್ಕೆಯ ಜೀವಿಗಳು 994ನೇ ಇಸವಿಯ ಸ್ಕಾಟ್ಲೆಂಡಿನಲ್ಲಿ ಒಂದು ಕೋಟೆ ಕಾಯುತ್ತಿರುತ್ತವೆ. ಒಂದು ಶಾಪ ತಟ್ಟುತ್ತದೆ: ಕೋಟೆ ಮೋಡಗಳಿಗಿಂತ ಮೇಲೆ ಏರುವವರೆಗೆ ಕಲ್ಲಾಗೇ ಇರಿ ಅಂತ. ಸಾವಿರ ವರ್ಷದ ಮೇಲೆ ಝನಾಟೋಸ್ ಅನ್ನೋ ಕೋಟ್ಯಧಿಪತಿ ಆ ಕೋಟೆಯ ಕಲ್ಲುಗಳನ್ನೆಲ್ಲ ಬಿಚ್ಚಿಸಿ ತಂದು ಮ್ಯಾನ್‌ಹಟನ್‌ನ ತನ್ನ ಗಗನಚುಂಬಿ ಕಟ್ಟಡದ ನೆತ್ತಿಯ ಮೇಲೆ ಜೋಡಿಸಿಬಿಡುತ್ತಾನೆ. ಮೋಡ ಕೆಳಗೆ, ಕೋಟೆ ಮೇಲೆ. ಶಾಪ ಮುರಿಯಿತು. (ಮಕ್ಕಳ ಕಾರ್ಟೂನ್‌ಗೆ ಇಂಥ ಐಡಿಯಾ ಹೊಳೆದವರಿಗೆ ಕೈ ಮುಗಿಯಬೇಕು.)

ಇದನ್ನು ಹುಟ್ಟುಹಾಕಿ ನಡೆಸಿದವರು ಗ್ರೆಗ್ ವೈಸ್‌ಮನ್. ಮೊದಲ ಸೀಸನ್ 13 ಕಂತು, ಎರಡನೆಯದು 52. ಒಂದು ಕಂತಿನಲ್ಲಿ ಬಿದ್ದ ಏಟು ಹತ್ತು ಕಂತಿನ ಮೇಲೂ ನೋಯುವ ಥರದ ಕಥೆ. ಯಾರೂ ಏನನ್ನೂ ಮರೆಯಲ್ಲ. ಎರಡನೇ ಸೀಸನ್ ಮುಗಿಯುವಾಗ ಈ ಜೀವಿಗಳ ಗುಟ್ಟು ಇಡೀ ನಗರಕ್ಕೆ ಗೊತ್ತಾಗುತ್ತದೆ, ಹಳೆಯ ಶತ್ರು ಝನಾಟೋಸನೇ ಅವರನ್ನು ಕೋಟೆಗೆ ವಾಪಸ್ ಕರೆಯುತ್ತಾನೆ. ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ ಪೊಲೀಸ್ ಪತ್ತೇದಾರಿಣಿ ಎಲಿಸಾ ನಾಯಕ ಗೊಲಾಯತ್‌ಗೆ ಮುತ್ತು ಕೊಡುತ್ತಾಳೆ. ಬೆಳಕಾಗುತ್ತದೆ, ಅವನು ಕಲ್ಲಾಗುತ್ತಾನೆ. 65 ಕಂತು ಕಾದವರಿಗೆ ಅದೆಂಥ ಕ್ಷಣ ಅಂತ ಬೇರೆ ಹೇಳಬೇಕಿಲ್ಲ.

1996ರಲ್ಲಿ ಮೂರನೇ ಸೀಸನ್ ಬಂತು. ಚಾನೆಲ್ ಎಬಿಸಿ, ಶನಿವಾರ ಬೆಳಗಿನ ಹೊತ್ತು, ಹೆಸರು 'ದಿ ಗೊಲಾಯತ್ ಕ್ರಾನಿಕಲ್ಸ್'. ವೈಸ್‌ಮನ್ ಮೊದಲ ಕಂತು 'ದಿ ಜರ್ನಿ' ಬರೆದರು, ಆಮೇಲೆ ಇರಲಿಲ್ಲ. ಉಳಿದ 12 ಕಂತು ಬೇರೆಯವರ ಕೈಯಲ್ಲಿ ಆಯಿತು. ದನಿ ಕೊಟ್ಟವರು ಬಹುತೇಕ ಹಳಬರೇ, ಗೊಲಾಯತ್‌ಗೆ ಕೀತ್ ಡೇವಿಡ್ ಅವರ ಆ ಗುಡುಗಿನಂಥ ಗಂಟಲೇ. ಆದರೆ ಕಂತು ಕಂತಿಗೆ ಇದ್ದ ಕೊಂಡಿ ಸಡಿಲವಾಯಿತು. ಒಂದೊಂದು ಕಂತಿಗೆ ಒಂದೊಂದು ಪಾಠ, ಅಲ್ಲಿಗೇ ಮುಗೀತು. 1997ರ ಫೆಬ್ರವರಿಯಲ್ಲಿ ಕೊನೆಯ ಕಂತು. ನಗರದ ಜನ ಗಾರ್ಗಾಯ್ಲ್‌ಗಳನ್ನು ಒಪ್ಪಿಕೊಳ್ಳುತ್ತಾರೆ, ಶುಭಂ.

ವೈಸ್‌ಮನ್ ನಿಲುವು ಇದು: ಮೊದಲ ಎರಡು ಸೀಸನ್, ಜೊತೆಗೆ 'ದಿ ಜರ್ನಿ', ಇಷ್ಟೇ ಕ್ಯಾನನ್. ನನ್ನ ಗೆಳೆಯ ತಿದ್ದಿಕೊಂಡಿದ್ದು ಅದಕ್ಕೇ.

ಇದನ್ನು ಒಪ್ಪದವರೂ ಇದ್ದಾರೆ, ಅವರ ವಾದ ತೆಗೆದುಹಾಕುವಂಥದ್ದಲ್ಲ. ಸರಣಿಯ ಹಕ್ಕು ಡಿಸ್ನಿಯದ್ದು. ಮಾಡಿಸಿದ್ದು ಅವರು, ಮೂರನೇ ಸೀಸನ್ ಅಂತ ತೋರಿಸಿದ್ದೂ ಅವರೇ. ಕಾನೂನಿನ ಕಣ್ಣಲ್ಲಿ ನೋಡಿದರೆ ಅಪ್ಪಟ ಮಾಲು. ಬಿಟ್ಟು ಹೋದವರು ಆಮೇಲೆ "ಅದು ಲೆಕ್ಕಕ್ಕಿಲ್ಲ" ಅಂದರೆ ಆಯಿತಾ? ಆ 12 ಕಂತಿಗೆ ಬರೆದವರು, ಚಿತ್ರ ಬಿಡಿಸಿದವರು ಕೆಲಸ ಮಾಡಿಲ್ವಾ? ಮತ್ತೆ ಕೆಲವರಿಗೆ ಹುಟ್ಟುಹಾಕಿದವರ ಮಾತೂ ಬೇಡ, ಕಂಪನಿಯ ಮಾತೂ ಬೇಡ. ಚೆನ್ನಾಗಿದ್ದರೆ ಕ್ಯಾನನ್, ಇಲ್ಲದಿದ್ದರೆ ಅಲ್ಲ.

ಈ ಕೊನೆಯದ್ದು ನನಗೆ ಒಪ್ಪಿಗೆ ಇಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕ್ಯಾನನ್ ಅಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಹುಟ್ಟುಹಾಕಿದವರೇ ಬರೆದ ಕೆಟ್ಟ ಕಂತುಗಳು ಬೇಕಾದಷ್ಟಿವೆ, ಅವೆಲ್ಲ ಕ್ಯಾನನ್ನೇ. ಕಣ್ಣೀರು ತರಿಸುವ ಕಥೆಗಳು ಎಷ್ಟೋ ಹೊರಗಿವೆ. ಕ್ಯಾನನ್ ಅನ್ನೋದು ಅಂಕ ಕೊಡೋ ಮಾತಲ್ಲ, ಕಟ್ಟುಪಾಡಿನ ಮಾತು. ಮುಂದೆ ಬರೆಯುವವರನ್ನು ಅದು ಕಟ್ಟಿಹಾಕುತ್ತದಾ? ನಡೆದದ್ದನ್ನು ಮುಂದಿನ ಕಥೆ ನೆನಪಿಟ್ಟುಕೊಳ್ಳಲೇಬೇಕಾ? ಹೌದಾದರೆ ಕ್ಯಾನನ್.

ಹಾಗಾಗಿ ಸರಣಿ ನಿಂತುಹೋದ ಮೇಲೆ ಬರೀ ಮಾತಲ್ಲಿ ಇದು ತೀರ್ಮಾನ ಆಗಲ್ಲ. ಮುಂದಿನ ಕಥೆ ಬರಬೇಕು. ಗಾರ್ಗಾಯ್ಲ್ಸ್‌ಗೆ ಬಂತು. 2006ರಲ್ಲಿ ಎಸ್‌ಎಲ್‌ಜಿ ಅನ್ನೋ ಪ್ರಕಾಶಕರು ಕಾಮಿಕ್ಸ್ ತಂದರು, ಡಿಸ್ನಿಯ ಅನುಮತಿಯಿಂದಲೇ, ಬರೆದವರು ವೈಸ್‌ಮನ್. ಅದರ ಮೊದಲ ಎರಡು ಸಂಚಿಕೆಗಳಲ್ಲಿ ಏನಿದೆ ಗೊತ್ತಾ? 'ದಿ ಜರ್ನಿ' ಕಂತಿನದೇ ಕಥೆ, ಕಾಮಿಕ್ಸ್ ರೂಪದಲ್ಲಿ. ಕಾಲು ಸರಿಯಾಗಿ ಆ ಗೆರೆಯ ಮೇಲೇ ಇಟ್ಟು ನಿಂತರು. ಮೂರನೇ ಸಂಚಿಕೆಯಿಂದ ಕಥೆ ಹೊಸ ದಾರಿ ಹಿಡಿಯಿತು. ಉಳಿದ 12 ಕಂತುಗಳ ಹೆಸರೆತ್ತಿ ಬೈಯಲೂ ಇಲ್ಲ, ಅವು ಇರಲೇ ಇಲ್ಲ ಅನ್ನೋ ಹಾಗೆ ಪಕ್ಕದಲ್ಲಿ ನಡೆದುಹೋದರು.

ಇನ್ನೂ ಚೆನ್ನಾಗಿರೋದು ಕೋರ್ಟಿನ ವಿಷಯ. ಮೂರನೇ ಸೀಸನ್‌ನಲ್ಲಿ ಗೊಲಾಯತ್ ಒಮ್ಮೆ ಕಟಕಟೆ ಹತ್ತುತ್ತಾನೆ. 2022ರ ಡಿಸೆಂಬರ್‌ನಿಂದ ಡೈನಮೈಟ್ ಪ್ರಕಾಶನ ತಂದ ಹೊಸ ಕಾಮಿಕ್ಸ್‌ನಲ್ಲೂ, ಅದೂ ವೈಸ್‌ಮನ್ ಬರೆದದ್ದೇ, ಗೊಲಾಯತ್ ಮತ್ತೆ ಕೋರ್ಟಿಗೆ ಬರುತ್ತಾನೆ. ಅಲ್ಲ, 'ಮತ್ತೆ' ಅನ್ನಬಾರದು. ಆ ಲೋಕದಲ್ಲಿ ಇದೇ ಮೊದಲ ಸಲ. ಇವನಿಗೆ ಕಾನೂನಿನ ಹಕ್ಕು ಇದೆಯಾ, ಇವನು ಪ್ರಾಣಿಯಾ, ವ್ಯಕ್ತಿಯಾ ಅನ್ನೋ ಪ್ರಶ್ನೆಯನ್ನು ಅಲ್ಲಿ ಶುರುವಿನಿಂದ ಎತ್ತಬಹುದು. ಹಳೆಯ ವಿಚಾರಣೆ ಕ್ಯಾನನ್ ಆಗಿದ್ದರೆ ಆ ಪ್ರಶ್ನೆ ಆಗಲೇ ಖರ್ಚಾಗಿ ಹೋಗಿರುತ್ತಿತ್ತು. ನಾನ್-ಕ್ಯಾನನ್ ಅಂತ ಬದಿಗಿಟ್ಟದ್ದಕ್ಕೆ ಬರೆಯುವವರಿಗೆ ಸಿಕ್ಕಿದ ಲಾಭ ಇದು.

ಅದೇ 1996ರಲ್ಲಿ ಜಪಾನಿನಲ್ಲೂ ಇಂಥದ್ದೇ ನಡೆಯಿತು. 'ಡ್ರ್ಯಾಗನ್ ಬಾಲ್ ಜಿಟಿ', 64 ಕಂತು, ಅಕಿರಾ ತೊರಿಯಾಮಾ ಬರೆದ ಮಂಗಾ (ಜಪಾನಿ ಕಾಮಿಕ್ಸ್) ಮುಗಿದ ಮೇಲೆ ಸ್ಟುಡಿಯೋ ಕಟ್ಟಿದ ಮುಂದುವರಿಕೆ. ತೊರಿಯಾಮಾ ಪಾತ್ರಗಳ ರೂಪಕ್ಕೆ ಕೈ ಹಾಕಿದರು, ಕಥೆ ಬರೆಯಲಿಲ್ಲ. ಮುಂದೆ 2015ರಲ್ಲಿ ಬಂದ 'ಡ್ರ್ಯಾಗನ್ ಬಾಲ್ ಸೂಪರ್' ಜಿಟಿಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅಲ್ಲಿಗೆ ಮುಗೀತು ಅಂದುಕೊಂಡರೆ, ಜಿಟಿಯಲ್ಲಿ ಹುಟ್ಟಿದ ಸೂಪರ್ ಸೈಯನ್ 4 ಅನ್ನೋ ರೂಪ ಇತ್ತಲ್ಲ, ಮೈತುಂಬ ಕೆಂಪು ತುಪ್ಪಳ, ಅದನ್ನು ಮಾತ್ರ ಅಭಿಮಾನಿಗಳು ಬಿಡಲೇ ಇಲ್ಲ. ಕೊನೆಗೆ ತೊರಿಯಾಮಾ ಅವರದೇ ಕಥೆಯ 'ಡ್ರ್ಯಾಗನ್ ಬಾಲ್ ಡೈಮಾ' ಮುಗಿಯುವ ಹೊತ್ತಿಗೆ, 2025ರಲ್ಲಿ, ಕಥಾನಾಯಕ ಗೋಕು ಆ ರೂಪ ತಾಳಿದ. ಕೂದಲ ಬಣ್ಣ ಬೇರೆ, ಬಂದ ಸಂದರ್ಭ ಬೇರೆ. ಮುಂಬಾಗಿಲಲ್ಲಿ ಬೇಡ ಅಂದಿದ್ದು ಹಿತ್ತಲ ಬಾಗಿಲಿಂದ ಒಳಗೆ ಬಂತು. ಕಥೆ ಬರಲಿಲ್ಲ, ವೇಷ ಮಾತ್ರ ಬಂತು.

ಹುಟ್ಟುಹಾಕಿದವರು ಹೋದ ತಕ್ಷಣ ಎಲ್ಲ ನಾನ್-ಕ್ಯಾನನ್ ಆಗುತ್ತದೆ ಅಂತಲೂ ಅಲ್ಲ. 'ಅಡ್ವೆಂಚರ್ ಟೈಮ್' ಅನ್ನೋ ಅಮೆರಿಕನ್ ಕಾರ್ಟೂನ್ ನೋಡಿ. ಅದನ್ನು ಹುಟ್ಟುಹಾಕಿದ ಪೆಂಡಲ್ಟನ್ ವಾರ್ಡ್ ಐದನೇ ಸೀಸನ್ ನಡೆಯುವಾಗ ಶೋರನ್ನರ್ ಕುರ್ಚಿ ಬಿಟ್ಟರು, ತಂಡದವರೇ ಆದ ಆಡಮ್ ಮ್ಯೂಟೊ ಕೂತರು, 2018ರಲ್ಲಿ ಹತ್ತನೇ ಸೀಸನ್‌ಗೆ ಮುಗಿಸಿದರು. ಇಷ್ಟಪಡದವರು ಇರಬಹುದು, ನಡೆದೇ ಇಲ್ಲ ಅನ್ನೋರು ಸಿಗೋದು ಕಷ್ಟ. ಬೀಗದ ಕೈಯನ್ನು ಮನೆಯವರ ಕೈಗೇ ಕೊಟ್ಟು ಹೋದರೆ ಜಗಳ ಕಮ್ಮಿ. ಇನ್ನೊಂದು ಕಡೆ ಮಾಲೀಕರೇ ಗೆರೆ ಎಳೆದದ್ದೂ ಉಂಟು. 2014ರ ಏಪ್ರಿಲ್‌ನಲ್ಲಿ 'ಸ್ಟಾರ್ ವಾರ್ಸ್'ನ ಹಕ್ಕುದಾರರು ಅಲ್ಲಿಯವರೆಗೆ ಬಂದಿದ್ದ ಕಾದಂಬರಿ, ಕಾಮಿಕ್ಸ್‌ಗಳ ದೊಡ್ಡ ರಾಶಿಯನ್ನೇ 'ಲೆಜೆಂಡ್ಸ್' ಅಂತ ಹೆಸರಿಟ್ಟು ಕ್ಯಾನನ್‌ನಿಂದ ಹೊರಗಿಟ್ಟರು. ವರ್ಷಾನುಗಟ್ಟಲೆ ಕೊಂಡು ಓದಿದವರ ಹೊಟ್ಟೆ ಎಷ್ಟು ಉರಿದಿರಬೇಡ.

ಈ ಪದಕ್ಕೆ ಮರಿಗಳೂ ಇವೆ. ನಿಮ್ಮ ಮನಸ್ಸಿನಲ್ಲಿ ಮಾತ್ರ ನಿಜ ಅಂದುಕೊಂಡದ್ದು ಹೆಡ್‌ಕ್ಯಾನನ್, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅಭಿಮಾನಿಗಳೆಲ್ಲ ಸೇರಿ ಒಪ್ಪಿಕೊಂಡುಬಿಟ್ಟದ್ದು ಫ್ಯಾನನ್. ಹಿಂದೆ ಹೇಳಿದ್ದನ್ನು ಮುಂದಿನ ಕಥೆಯಲ್ಲಿ ಬದಲಾಯಿಸಿ, "ಮೊದಲಿಂದಲೂ ಹೀಗೇ ಇತ್ತು" ಅಂತ ಏನೂ ಆಗದವರ ಹಾಗೆ ಹೇಳೋದು ರೆಟ್‌ಕಾನ್.

ಕನ್ನಡದಲ್ಲಿ ಒಂದು ಪದ ಬೇಕು ಅನ್ನೋರು 'ಪ್ರಕ್ಷಿಪ್ತ' ಅನ್ನೋದನ್ನು ಮುಂದೆ ತರಬಹುದು. ಹಳೆಯ ಕಾವ್ಯಗಳಲ್ಲಿ ಕವಿ ಬರೆಯದ, ಯಾರೋ ಆಮೇಲೆ ತುರುಕಿದ ಪದ್ಯಗಳಿಗೆ ಪಂಡಿತರು ಹಾಗೆ ಅಂತಾರೆ. ಹತ್ತಿರ ಬಂತು, ಆದರೆ ಕೂರಲ್ಲ. ಪ್ರಕ್ಷಿಪ್ತ ಅಂದರೆ ಕದ್ದು ಸೇರಿಸಿದ್ದು, ಮೂರನೇ ಸೀಸನ್ ರಾಜಾರೋಷವಾಗಿ ಮಾಡಿದ್ದು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದನಲ್ಲ, ಹೋಲಿಸೋದಾದರೆ ಅದು ಇನ್ನೂ ಹತ್ತಿರ. ತಿಮ್ಮಣ್ಣ ಮುಚ್ಚಿಟ್ಟದ್ದೇನೂ ಇಲ್ಲ. ಓದುವಾಗ ಕೈ ಬದಲಾಗಿದ್ದು ಮಾತ್ರ ಗೊತ್ತಾಗುತ್ತದೆ.

ಮಾತಲ್ಲಿ ಬಳಸುವಾಗ "ಇದು ಕ್ಯಾನನ್", "ಅದು ಕ್ಯಾನನ್ ಅಲ್ಲ", "ಕಾಮಿಕ್ಸ್ ಬಂದ ಮೇಲೆ ಕ್ಯಾನನ್ ಆಯಿತು" ಅಂದರೆ ಸಾಕು. ನಾನ್-ಕ್ಯಾನನ್ ಅಂದ ಮಾತ್ರಕ್ಕೆ ನೋಡಬಾರದು ಅಂತಲ್ಲ. ಗೆಳೆಯ ಬೇಡ ಅಂದರೂ ನಾನು ಆ 12 ಕಂತು ನೋಡಿದೆ. ನಾಲ್ಕೈದು ಕಡೆ ಆಕಳಿಸಿದೆ, ಕೀತ್ ಡೇವಿಡ್ ದನಿಗೋಸ್ಕರ ಉಳಿದದ್ದನ್ನು ಮುಗಿಸಿದೆ. ನೀವು ಶುರು ಮಾಡೋದಾದರೆ ಎರಡನೇ ಸೀಸನ್ ಆದ ಮೇಲೆ 'ದಿ ಜರ್ನಿ' ನೋಡಿ, ಅಲ್ಲಿಂದ 2006ರ ಕಾಮಿಕ್ಸ್‌ನ ಮೂರನೇ ಸಂಚಿಕೆಗೆ ಹಾರಿ. ಕಾಮಿಕ್ಸ್ ಕೈಗೆ ಸಿಗೋ ತನಕ ಹೊತ್ತು ಕಳೆಯೋಕೆ ಆ 12 ಹೇಗೂ ಇವೆ.