ಗ್ಯಾಸ್ ಗೀಜರ್ ಬಚ್ಚಲ ಗೋಡೆಯ ಆಚೆ ಇರಲಿ

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಗೀಜರ್ ನೀರು ಸರಿಯಾಗಿ ಕಾಯುತ್ತಿಲ್ಲ ಅಂತ ನನ್ನನ್ನು ಕರೆದಿದ್ದರು. ಬಚ್ಚಲಿಗೆ ಹೋಗಿ ನೋಡಿದೆ. ಮೇಲಿನ ಸಣ್ಣ ಕಿಂಡಿಗೆ ಹಳೇ ಸೀರೆಯ ತುಂಡು ತುರುಕಿದ್ದರು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ಮಡಚಿ ಇಡುತ್ತಿದ್ದರು. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದಲ್ಲ, ಅದಕ್ಕೆ. ಗೀಜರ್ ಹಚ್ಚಿದೆ. ನೀಲಿ ಇರಬೇಕಾದ ಉರಿ ಹಳದಿಯಾಗಿ ನಾಲಿಗೆ ಚಾಚುತ್ತಿತ್ತು.

"ಅಮ್ಮಾರ, ಎರಿಯೂ ಹೊತ್ತಿನಾಗ ಎಷ್ಟೊತ್ತು ಒಳಗ ಇರ್ತೀರಿ?" ಅಂತ ಕೇಳಿದೆ.

"ಮೊದಲ ಕೂಸಿಗೆ ಎರೀತೀನಿ, ಆಮ್ಯಾಲೆ ಮಗಳಿಗೆ. ಒಂದ್ ತಾಸು ಹಿಡೀತದ ನೋಡು ತಮ್ಮಾ. ಹೊರಗ ಬಂದ್ ಕೂಡ್ಲೆ ತಲಿ ಸಿಡೀಲಿಕ್ಕೆ ಹತ್ತತದ. ವಯಸ್ಸಾತಲ್ಲ."

"ಮಗಳಿಗೆ?"

"ಆಕಿಗೂ ತಲಿ ತಿರಗತದ ಅಂತಾಳ. ಬಾಣಂತಿ, ನಿಶ್ಶಕ್ತಿ ಇರ್ತದ."

"ಗ್ಯಾಸ್ ವಾಸನಿ ಏನರ ಬರ್ತದೇನ್ರೀ?"

"ಇಲ್ಲಪಾ. ವಾಸನಿ ಬಂದ್ರ ನಾನ ಬಂದ್ ಮಾಡ್ತಿದ್ದೆ."

ಇಪ್ಪತ್ತು ವರ್ಷದಿಂದ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಗ್ಯಾಸ್ ಒಲೆ, ಗೀಜರ್ ಕೂಡಿಸುವ ಕೆಲಸ ಮಾಡುತ್ತಿದ್ದೇನೆ. ವಾಸನೆ ಬಂದಿಲ್ಲ, ಅಂದಮೇಲೆ ಭಯ ಇಲ್ಲ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ನಿಜ. ಆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತ ಮರ್ಕಾಪ್ಟನ್ ಅನ್ನುವ ಕಟು ವಾಸನೆಯ ಪದಾರ್ಥ ಬೆರೆಸಿರುತ್ತಾರೆ. ಆದರೆ ಗೀಜರ್ ಒಳಗೆ ಹೋದ ಗ್ಯಾಸ್ ಸೋರುವುದಿಲ್ಲ, ಉರಿಯುತ್ತದೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತಕ್ಕೆ ಸೇರಿದರೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ. ಏನೋ ಆಗುತ್ತಿದೆ ಅಂತ ಗೊತ್ತಾಗಿ ಚಿಲಕ ತೆಗೆಯಲು ಎದ್ದವರು ಅಲ್ಲೇ ಕುಸಿಯುತ್ತಾರೆ.

ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಜರ್ ಪೂರ್ತಿ ಉರಿಯಲ್ಲಿ ತಾಸಿಗೆ ಹೆಚ್ಚೂಕಡಿಮೆ ಒಂದು ಕೆಜಿ ಗ್ಯಾಸ್ ಸುಡುತ್ತದೆ. ಒಂದು ಕೆಜಿ ಗ್ಯಾಸ್ ಚೆನ್ನಾಗಿ ಉರಿಯಲು ಸುಮಾರು 15 ಕೆಜಿ ಗಾಳಿ ಬೇಕು. ಅಂದರೆ ಅರ್ಧ ತಾಸಿಗೆ ಏಳು ಕೆಜಿಗೂ ಜಾಸ್ತಿ. ಈಗ ನಮ್ಮ ಬಚ್ಚಲು ನೋಡಿ. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರ. ಅದರೊಳಗೆ ಇರುವ ಗಾಳಿಯ ತೂಕ ಎಲ್ಲಾ ಸೇರಿ 5 ಕೆಜಿ. ಗೀಜರ್ ಕೇಳುವಷ್ಟು ಗಾಳಿ ಆ ಕೋಣೆಯಲ್ಲೇ ಇಲ್ಲ! ಅದರ ಮೇಲೆ ಮೂರು ಜೀವ ಅಲ್ಲೇ ಉಸಿರಾಡಬೇಕು. ಗಾಳಿ ಪೂರ್ತಿ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ. ಗಾಳಿಯ ನೂರು ಭಾಗದಲ್ಲಿ 21 ಭಾಗ ಇರುವ ಆಮ್ಲಜನಕ ಎರಡು ಮೂರು ಭಾಗ ಇಳಿದರೆ ಸಾಕು, ಉರಿ ಕೆಡುತ್ತದೆ, ವಿಷ ಏರುತ್ತದೆ.

ಕಂಪನಿಯವರು ಇದನ್ನು ತಿಳಿದೇ ಅನೇಕ ಗೀಜರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆ ಇಟ್ಟಿದ್ದಾರೆ. ಜನ ಏನು ಮಾಡುತ್ತಾರೆ? ಆರಿತು ಅಂತ ನಲ್ಲಿ ಬಂದ್ ಮಾಡಿ ಮತ್ತೆ ತಿರುಗಿಸುತ್ತಾರೆ. ಮತ್ತೆ 20 ನಿಮಿಷ. ದಯವಿಟ್ಟು ಹಾಗೆ ಮಾಡಬೇಡಿ.

ಆ ದಿನ ಮಾಳಮಡ್ಡಿಯಲ್ಲಿ ನಾನು ಗೀಜರ್ ರಿಪೇರಿ ಮಾಡಲಿಲ್ಲ. ಗೋಡೆಯಿಂದ ಬಿಚ್ಚಿದೆ. ಸಂಜೆಯೊಳಗೆ ಹಿತ್ತಲ ಗೋಡೆಗೆ, ತಗಡಿನ ಮಾಡಿನ ಕೆಳಗೆ ಕೂಡಿಸಿ ಬಿಸಿನೀರಿನ ಪೈಪ್ ಒಂದನ್ನೇ ಬಚ್ಚಲೊಳಗೆ ಬಿಟ್ಟೆ. ಬರ್ನರ್ ತೊಳೆದ ಮೇಲೆ ಉರಿ ನೀಲಿಯಾಯಿತು. ಆ ತಾಯಿಗೆ ಇದ್ದದ್ದು ಒಂದೇ ಚಿಂತೆ. "ಕಿಂಡಿಗೆ ಅರಿವಿ ಹಾಕಬಾರದೇನು ಇನ್ನ?" ಅಂತ ಕೇಳಿದರು. "ಈಗ ಹಾಕ್ರಿ ಅಮ್ಮಾರ, ಬೆಂಕಿ ಹೊರಗ ಹೋತಲ್ಲ," ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದೆ. ಇಬ್ಬರ ತಲೆನೋವೂ ನಿಂತಿತ್ತು.

ಗೀಜರ್ ಬಚ್ಚಲ ಹೊರಗೇ ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕಿಟಕಿ ತೆರೆದಿಡಿ, ಬಾಗಿಲು ತೆರೆದಿಡಿ ಅಂತ ಹೇಳುವುದು ಸುಲಭ. ಜಳಕಕ್ಕೆ ಕೂತವರು ಬಾಗಿಲು ತೆರೆದು ಕೂರುತ್ತಾರಾ? ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಡಿಸೆಂಬರಿನ ಬೆಳಗಿನ ಥಂಡಿಯಲ್ಲಿ ಯಾರು ಕಿಟಕಿ ತೆರೆಯುತ್ತಾರೆ? ಜನ ಮರೆತರೂ ಕಾಯುವಂಥ ವ್ಯವಸ್ಥೆ ಬೇಕು.

ನಮ್ಮ ಅಜ್ಜಿಯರ ಕಾಲದಲ್ಲಿ ಹಂಡೆಗೆ ಕಟ್ಟಿಗೆ ಹಾಕಿ ನೀರು ಕಾಯಿಸುತ್ತಿದ್ದರು. ಬಹಳ ಮನೆಗಳಲ್ಲಿ ಉರಿ ಹಾಕುವ ಬಾಯಿ ಗೋಡೆಯ ಆಚೆ ಹಿತ್ತಲಿಗೆ ಇರುತ್ತಿತ್ತು. ಹಂಚಿನ ಸಂದಿಯಿಂದ, ಬೆಳಕಿಂಡಿಯಿಂದ ಹೊಗೆ ಹೋಗುತ್ತಿತ್ತು. ಹೊಗೆ ಕಣ್ಣಿಗೆ ಬಿದ್ದರೆ ಯಾರಾದರೂ ಹೊರಗೆ ಓಡುತ್ತಾರೆ. ಸ್ಲ್ಯಾಬ್ ಹಾಕಿ, ಟೈಲ್ಸ್ ಹಾಕಿ, ಅಲ್ಯುಮಿನಿಯಂ ಕಿಟಕಿ ಕೂಡಿಸಿದ ಇವತ್ತಿನ ಬಚ್ಚಲು ಮುಚ್ಚಿದ ಡಬ್ಬಿ. ಅದರೊಳಗೆ ಹೊಗೆಯೇ ಕಾಣದ ಬೆಂಕಿ.

ಕೇಶ್ವಾಪುರದ ಗಿರಾಕಿಯೊಬ್ಬರು ಮಗನ ಕೆನಡಾ ಮನೆಯ ಫೋಟೋ ತೋರಿಸಿದರು. ಹಾಲ್‌ನಲ್ಲೇ ಗ್ಯಾಸಿನ ಅಗ್ಗಿಷ್ಟಿಕೆ, ಸುತ್ತ ಮಕ್ಕಳು ಆಡುತ್ತಿವೆ. "ಅಲ್ಲಿ ಎಲ್ಲಾ ಬಂದ್ ಮಾಡಿದ ಮನ್ಯಾಗ ಇಡ್ತಾರ, ನೀವು ನೋಡಿದ್ರ ಬಚ್ಚಲಕ್ಕ ಬ್ಯಾಡ ಅಂತೀರಿ," ಅಂದರು. ಒಳ್ಳೆಯ ಪ್ರಶ್ನೆ. ಆ ಬಗೆಯ ಅಗ್ಗಿಷ್ಟಿಕೆಯ ಮುಂದೆ ಗಾಜು ಇರುತ್ತದೆ, ಅದು ಪೂರ್ತಿ ಸೀಲ್. ಗೋಡೆಯಿಂದ ಒಂದರೊಳಗೊಂದು ಇರುವ ಜೋಡಿ ಪೈಪ್ ಹೊರಗೆ ಹೋಗಿರುತ್ತದೆ. ಒಂದರಿಂದ ಹೊರಗಿನ ಗಾಳಿ ಉರಿಗೆ ಬರುತ್ತದೆ, ಇನ್ನೊಂದರಿಂದ ಸುಟ್ಟ ಗಾಳಿ ಹೊರಗೆ ಹೋಗುತ್ತದೆ. ಮನೆಯ ಗಾಳಿಗೂ ಆ ಬೆಂಕಿಗೂ ಸಂಬಂಧವೇ ಇಲ್ಲ. ಪೈಪ್ ಇಲ್ಲದೆ ಕೋಣೆಯ ಗಾಳಿಯಲ್ಲೇ ಉರಿಯುವ ನಮೂನೆಗಳೂ ಇವೆ. ಅವುಗಳಲ್ಲಿ ಆಮ್ಲಜನಕ ಇಳಿದರೆ ಗ್ಯಾಸ್ ನಿಲ್ಲಿಸುವ ಸೆನ್ಸರ್ ಇಡುತ್ತಾರೆ, ಆದರೂ ಕೆಲವು ಕಡೆ ಅಂಥವಕ್ಕೆ ಪರವಾನಗಿಯೇ ಇಲ್ಲ. ಗೋಡೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ, ವರ್ಷಕ್ಕೊಮ್ಮೆ ತಪಾಸಣೆ. ಅವರ ಬೆಂಕಿ ಹಾಲ್‌ನಲ್ಲಿದ್ದರೂ ಉಸಿರಾಡುವುದು ಮನೆಯ ಹೊರಗೆ. ನಮ್ಮ ಗೀಜರ್‌ಗೂ ಅದೇ ಬೇಕು.

ಮಾತು ಬಂದಿತು ಅಂತ ಹೇಳುತ್ತೇನೆ. ನಮ್ಮಲ್ಲೂ ಅಗ್ಗಿಷ್ಟಿಕೆ ಇದೆ, ಬಾಣಂತಿಯ ಮಂಚದ ಕೆಳಗೆ ಇಡುವ ಕೆಂಡದ್ದು. ಕೆಂಡದಲ್ಲಿ ಹೊಗೆ ಇಲ್ಲ ಅಂತ ಜನ ನಂಬಿ ಬಾಗಿಲು ಹಾಕಿ ಮಲಗುತ್ತಾರೆ. ಇದ್ದಿಲ ಕೆಂಡ ಬಿಡುವುದೂ ಇದೇ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಕೋಣೆಯಲ್ಲಿ, ಅದೂ ರಾತ್ರಿ, ಖಂಡಿತ ಬೇಡ.

ಹೊರಗೆ ಇಡಿ ಅಂದರೆ ಎಲ್ಲೋ ಒಂದು ಕಡೆ ಅಂತಲ್ಲ. ವಿದ್ಯಾನಗರ, ಗೋಕುಲ ರಸ್ತೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಗೀಜರ್ ಅನ್ನು ಡಕ್ಟ್ ಒಳಗೆ, ಅಂದರೆ ಬಚ್ಚಲುಗಳ ಕಿಟಕಿ ತೆರೆಯುವ ಕಿರಿದಾದ ಸಂದಿನಲ್ಲಿ, ಬಚ್ಚಲ ಕಿಟಕಿಯ ಕೆಳಗೇ ಕೂಡಿಸಿದ್ದನ್ನು ನೋಡುತ್ತೇನೆ. ಸುಟ್ಟ ಬಿಸಿ ಗಾಳಿ ಮೇಲೇರಿ ಸೀದಾ ಕಿಟಕಿಯ ಪಟ್ಟಿಗಳ ಸಂದಿಯಿಂದ ಒಳಗೆ ಬರುತ್ತದೆ. ಅದೇ ಡಕ್ಟ್‌ಗೆ ಮೇಲಿನ ಮನೆಯವರ ಕಿಟಕಿಯೂ ಇರುತ್ತದೆ. ಕಿಟಕಿಯಿಂದ ಪಕ್ಕಕ್ಕೆ ಸರಿಸಿ, ಮೇಲೆ ಆಕಾಶ ಕಾಣುವ ಬಾಲ್ಕನಿ, ಯುಟಿಲಿಟಿ, ಹಿತ್ತಲು ಇದ್ದರೆ ಅಲ್ಲಿ ಇಡಿ. ಯುಟಿಲಿಟಿಗೆ ಗಾಜು ಹಾಕಿಸಿ ಮುಚ್ಚಿಬಿಟ್ಟರೆ ಅದೂ ಇನ್ನೊಂದು ಬಚ್ಚಲೇ ಆಯಿತು. ಗಾಜು ಹಾಕಿಸುವ ಮೊದಲು ಗೀಜರ್ ನೆನಪಿರಲಿ.

ಎಗ್ಸಾಸ್ಟ್ ಫ್ಯಾನ್ ಬಗ್ಗೆ ಬಹಳ ಜನಕ್ಕೆ ತಪ್ಪು ಧೈರ್ಯ ಇದೆ. ಫ್ಯಾನ್ ಗಾಳಿ ಹೊರಗೆ ಹಾಕಬೇಕಾದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿಯೇ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಗೀಜರ್ ಡಕ್ಟ್‌ನಲ್ಲಿದ್ದು ಫ್ಯಾನ್ ಬೇರೆ ಗೋಡೆಯಲ್ಲಿದ್ದರೆ ಆ ಸುಟ್ಟ ಗಾಳಿಯನ್ನೇ ಒಳಗೆ ಎಳೆಯುತ್ತದೆ.

ಬಾಡಿಗೆ ಮನೆ, ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ ಅನ್ನುವವರು ಇವತ್ತಿನಿಂದಲೇ ಒಂದು ರೂಢಿ ಮಾಡಿಕೊಳ್ಳಿ. ಬಾಗಿಲು, ಕಿಂಡಿ ಪೂರ್ತಿ ತೆರೆದು ಗೀಜರ್ ಹಚ್ಚಿ. ಬಕೆಟ್ ತುಂಬಿಸಿ. ಗೀಜರ್ ಆರಿಸಿ, ಐದು ನಿಮಿಷ ಬಿಡಿ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿ. ಗೀಜರ್ ಉರಿಯುತ್ತಿರುವಾಗ ಒಳಗೆ ಯಾರೂ ಚಿಲಕ ಹಾಕಿಕೊಂಡು ಇರಬಾರದು, ಐದು ನಿಮಿಷಕ್ಕೂ ಬೇಡ.

ಇನ್ನು ಜೋಡಣೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಗಾಳಿ ಆಡುವ ಜಾಗದಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ. ಹಾಗಾಗಿ ತಗ್ಗಿನ ಜಾಗ, ಗಟಾರದ ಬಾಯಿ, ಮುಚ್ಚಿದ ಕಪಾಟು ಬೇಡ. ಪೈಪ್ ಐಎಸ್ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಇರಲಿ. ಅದರ ಆಯುಷ್ಯ 5 ವರ್ಷ. ಒಂದೂವರೆ ಮೀಟರ್ ದಾಟಬಾರದು, ಗೋಡೆಯ ತೂತಿನಿಂದ ತೂರಿಸಬಾರದು. ದೂರ ಇದ್ದರೆ ತಾಮ್ರದ ಪೈಪ್ ಹಾಕಿಸಿ. ಅಡುಗೆ ಒಲೆಯ ರಬ್ಬರ್ ಪೈಪ್ ಕತ್ತರಿಸಿ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ ಗೀಜರ್‌ಗೆ ಕೊಡಿ ಅಂತ ಕೇಳುವವರು ಬಹಳ. ನಾನು ಮಾಡುವುದಿಲ್ಲ. ಮಾಡಿಕೊಡುವವರನ್ನು ಮನೆಗೆ ಕರೆಯಬೇಡಿ.

ನಮ್ಮ ಊರಿನ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ. ಅದು ನೈಸರ್ಗಿಕ ಅನಿಲ, ಒತ್ತಡವೂ ಬೇರೆ, ಬರ್ನರ್‌ಗೆ ಗ್ಯಾಸ್ ಬಿಡುವ ಜೆಟ್‌ನ ತೂತಿನ ಅಳತೆಯೂ ಬೇರೆ. ಸಿಲಿಂಡರಿನ ಗೀಜರ್ ಅನ್ನು ಹಾಗೇ ಅದಕ್ಕೆ ಜೋಡಿಸಲು ಆಗುವುದಿಲ್ಲ. ಪೈಪ್ ಗ್ಯಾಸ್ ಇದ್ದರೂ ಬಚ್ಚಲೊಳಗೆ ಅಪಾಯ ಅಷ್ಟೇ.

ನಿರ್ವಹಣೆಯಲ್ಲಿ ನಮ್ಮ ಊರಿಗೇ ಇರುವ ತೊಂದರೆ ನೀರಿನದು. ಮಲಪ್ರಭೆಯ ನೀರು 24 ತಾಸೂ ಬರುವ ವಾರ್ಡ್‌ಗಳಿವೆ, ದಿನಗಟ್ಟಲೆ ಕಾಯಬೇಕಾದ ಓಣಿಗಳೂ ಇವೆ. ಕಾಯುವ ಓಣಿಗಳಲ್ಲಿ ಬೋರ್ ನೀರು ಬಳಸುತ್ತಾರೆ. ಅದರ ಉಪ್ಪು ಗೀಜರಿನ ತಾಮ್ರದ ಕೊಳವೆಯೊಳಗೆ ಸುಣ್ಣದಂತೆ ಕಟ್ಟುತ್ತದೆ. ನೀರು ಬರುವ ಬಾಯಲ್ಲಿರುವ ಸಣ್ಣ ಜಾಲರಿಗೆ ಮಣ್ಣು ಕೂರುತ್ತದೆ. ನೀರಿನ ಹರಿವಿನ ಒತ್ತಡದಿಂದಲೇ ಗೀಜರ್ ಹೊತ್ತಿಕೊಳ್ಳುವುದು. ಹರಿವು ಕಡಿಮೆಯಾದರೆ ಒಮ್ಮೆ ಹೊತ್ತುತ್ತದೆ, ಒಮ್ಮೆ ಇಲ್ಲ. ಆಗ ಕವರ್ ಬಿಚ್ಚಿ, ನೀರಿನ ಒತ್ತಡಕ್ಕೆ ಆನ್ ಆಗುವ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿದವರನ್ನೂ ನೋಡಿದ್ದೇನೆ. ನೀರಿಲ್ಲದೆ ಉರಿ ಹತ್ತಿದರೆ ಗೀಜರ್ ಸುಟ್ಟುಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ, ಅಷ್ಟು ನೀವೇ ಮಾಡಬಹುದು. ಟ್ಯಾಂಕ್ ಗೀಜರ್‌ಗಿಂತ ಎಂಟ್ಹತ್ತು ಅಡಿಯಾದರೂ ಮೇಲಿರಲಿ.

ಗೀಜರ್‌ಗೆ ಕಿಡಿ ಕೊಡುವ ಬ್ಯಾಟರಿ ಸೆಲ್ ಶಕ್ತಿ ಕಡಿಮೆಯಾದರೆ ಕಿಡಿ ತಡವಾಗಿ ಬರುತ್ತದೆ. ಅಷ್ಟರಲ್ಲಿ ಗ್ಯಾಸ್ ತುಂಬಿ "ಬುಸ್ಸ್, ಢಬ್" ಅಂತ ಹೊತ್ತುತ್ತದೆ. ಹಾಗೆ ಸದ್ದು ಬಂದ ದಿನವೇ ಎರಡೂ ಸೆಲ್ ಬದಲಿಸಿ. ಆಮೇಲೂ ಸದ್ದು ನಿಲ್ಲದಿದ್ದರೆ ಬಳಸುವುದು ನಿಲ್ಲಿಸಿ. ಉರಿಯ ಬಣ್ಣ ದಿನಾ ನೋಡಿ. ಹಳದಿ ಕಂಡರೆ, ಮೇಲೆ ಕಪ್ಪು ಮಸಿ ಕಂಡರೆ ಬರ್ನರ್‌ನಲ್ಲಿ ಧೂಳು, ಜೇಡರ ಬಲೆ ಇದ್ದೀತು. ಕೆಲವು ತಿಂಗಳು ಬಂದ್ ಇಟ್ಟ ಗೀಜರ್‌ನಲ್ಲಿ ಜೇಡರ ಬಲೆ ಸಾಮಾನ್ಯ. ವರ್ಷಕ್ಕೊಮ್ಮೆ ಬಿಚ್ಚಿಸಿ ಬರ್ನರ್, ತಾಮ್ರದ ರೆಕ್ಕೆಗಳನ್ನು ಸ್ವಚ್ಛ ಮಾಡಿಸಿ, ಒಳಗಿನ ರಬ್ಬರ್ ಡಯಾಫ್ರಂ ಬದಲಿಸಿ. ಇದನ್ನು ದೀಪಾವಳಿಗೆ ಹದಿನೈದು ದಿನ ಮೊದಲು ಮಾಡಿಸುವುದು ಒಳ್ಳೆಯದು. ನರಕ ಚತುರ್ದಶಿಯ ಬೆಳಗಿನ ಜಾವ ನೆನಪು ಮಾಡಿಕೊಳ್ಳಿ. ಮನೆ ತುಂಬ ಬೀಗರು, ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತ ಮಕ್ಕಳು, ಒಬ್ಬರಾದ ಮೇಲೆ ಒಬ್ಬರಂತೆ ಎರಡು ತಾಸು ಬಿಸಿನೀರು. ವರ್ಷದಲ್ಲಿ ಗೀಜರ್ ಅತಿ ಜಾಸ್ತಿ ಉರಿಯುವ ದಿನ ಅದು.

ಅಲಾರಂ ಕೊಳ್ಳುವಾಗ ಎರಡು ಬಗೆ ಇವೆ ಅಂತ ತಿಳಿದಿರಿ. ಗ್ಯಾಸ್ ಸೋರಿಕೆ ಹೇಳುವುದು ಒಂದು, ಅದು ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಹೇಳುವುದು ಇನ್ನೊಂದು. ಆ ಅನಿಲ ಹೆಚ್ಚೂಕಡಿಮೆ ಗಾಳಿಯಷ್ಟೇ ಹಗುರ, ಎಲ್ಲೆಡೆ ಬೆರೆಯುತ್ತದೆ, ಅಲಾರಂ ಮುಖದ ಎತ್ತರದಲ್ಲಿರಲಿ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಫ್ಯಾನ್ ಕೂಡ ಹಾಕಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಬಚ್ಚಲಿಗೆ ಹೋದವರು ಕೂಗಿದರೆ ಓಗೊಡದಿದ್ದರೆ ಬಾಗಿಲು ಮುರಿಯಲು ಹಿಂದೆಮುಂದೆ ನೋಡಬೇಡಿ. ಉಸಿರು ಬಿಗಿಹಿಡಿದು ಒಳಗೆ ಹೋಗಿ ಎಳೆದು ತನ್ನಿ, ಗೀಜರ್ ಆರಿಸಿ, ತೆರೆದ ಗಾಳಿಯಲ್ಲಿ ಮಲಗಿಸಿ, 108ಕ್ಕೆ ಕರೆ ಮಾಡಿ. ಅವರಿಗೆ ಬೇಕಾದದ್ದು ಆಮ್ಲಜನಕ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಅಂತಲೇ ಓದುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಿಗೆ ಹೇಳಿ: ಬಚ್ಚಲೊಳಗೆ ಗ್ಯಾಸ್ ಗೀಜರ್ ಉರಿಯುತ್ತಿತ್ತು, ಇಷ್ಟು ಹೊತ್ತು ಒಳಗಿದ್ದರು ಅಂತ.