ಗಾಡಿ ಮೇಲೆ ಎಷ್ಟು ಲೀಟರ್ ಟ್ಯಾಂಕ್ ಕೂರಿಸಬಹುದು?

ಬಳ್ಳಾರಿಯ ನಮ್ಮ ಬಾಡಿ ಕಟ್ಟುವ ಶೆಡ್ಡಿಗೆ ಈಗೀಗ ಬರುವವರಲ್ಲಿ ನೀರಿನ ಟ್ಯಾಂಕ್ ಕೂರಿಸಿಕೊಳ್ಳುವವರೇ ಜಾಸ್ತಿ. ಮನೆ ಬಾಗಿಲಿಗೆ ಹೋಗಿ ಕಾರು ತೊಳೆಯುವವರು, ಸಂಪು ಕ್ಲೀನ್ ಮಾಡುವವರು, ಸೋಲಾರ್ ಪ್ಯಾನಲ್ ಒರೆಸುವವರು. ಇತ್ತ ಸಂಡೂರಿನ ಅದಿರಿನ ಕೆಂಪು ಧೂಳು, ಅತ್ತ ಕೊಪ್ಪಳದ ಗಿಣಿಗೇರಾ ಕಡೆ ಕರಿ ಧೂಳು, ರಾಯಚೂರಿನ ಶಕ್ತಿನಗರದ ಕಡೆ ಹಾರುಬೂದಿ. ನಮ್ಮ ಸೀಮೆಯಲ್ಲಿ ತೊಳೆಯುವ ಕೆಲಸಕ್ಕೆ ಬರ ಇಲ್ಲ.

ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು. "ಅಣ್ಣಾ, ಇದರ ಮೇಲೆ ಸಾವಿರ ಲೀಟರ್ ಕೂರುತ್ತಾ?" ಕೂರುತ್ತದೆ. ಟಾಟಾ ಏಸ್ ಹಿಂಭಾಗದಲ್ಲೂ ಸಾವಿರ ಲೀಟರಿನ ಟ್ಯಾಂಕಿಗೆ ಜಾಗ ಇದೆ. ತೊಂದರೆ ಇರುವುದು ತೂಕದಲ್ಲಿ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ರಾಯಚೂರಿನ ಹತ್ತಿ ಗಾಡಿ ನೋಡಿರುತ್ತೀರಿ, ಆಕಾಶದೆತ್ತರ ತುಂಬಿದರೂ ತೂಕ ಅಷ್ಟಾಗಿ ಏರುವುದಿಲ್ಲ. ನೀರು ಅದಕ್ಕೆ ಉಲ್ಟಾ. ಗಾಡಿ ಅರ್ಧ ಖಾಲಿ ಕಾಣುತ್ತಿರುವಾಗಲೇ ತೂಕದ ಮಿತಿ ಮುಗಿದಿರುತ್ತದೆ.

ಹಾಗಾದರೆ ಮಿತಿ ಎಷ್ಟು? ಆರ್.ಸಿ. ತೆಗೆದು ನೋಡಿ. ಅದರಲ್ಲಿ ಎರಡು ತೂಕ ಇರುತ್ತವೆ. ಖಾಲಿ ಗಾಡಿಯ ತೂಕ ಒಂದು, ಲೋಡ್ ಸಮೇತ ಒಟ್ಟು ಎಷ್ಟಿರಬಹುದು ಅನ್ನುವುದು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ನೀವು ಹೇರಬಹುದಾದ ಭಾರ ಸಿಗುತ್ತದೆ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರ್, ಕ್ಲೀನರ್ ತೂಕ ಸೇರುವುದಿಲ್ಲ. ಅಂದರೆ ನೀವು, ನಿಮ್ಮ ಜೊತೆಯ ಹುಡುಗ, ಇಬ್ಬರೂ ಲೋಡಿನ ಲೆಕ್ಕಕ್ಕೇ ಬರುತ್ತೀರಿ. ಆಮೇಲೆ ಕಟ್ಟಿಸಿದ ತಗಡಿನ ಬಾಡಿ, ಮೇಲಿನ ಚಾವಣಿ, ಒಳಗಿನ ರ‍್ಯಾಕು, ಇವೂ ಅಷ್ಟೇ. ಆರ್.ಸಿ. ಮಾಡಿಸಿದ ದಿನ ಅವು ಇರಲಿಲ್ಲ ತಾನೆ?

ಲೆಕ್ಕ ಮಾಡಿ ತೋರಿಸುತ್ತೇನೆ. ಟಾಟಾ ಏಸ್ ಗೋಲ್ಡ್ ಪೆಟ್ರೋಲ್ ತೆಗೆದುಕೊಳ್ಳೋಣ, ಹೇರುವ ಭಾರ 750 ಕೆ.ಜಿ. "750 ಕೆ.ಜಿ. ಗಾಡಿ, ಹಾಗಾದ್ರೆ 750 ಲೀಟರ್ ಟ್ಯಾಂಕ್" ಅಂತಲೇ ಎಲ್ಲರ ಲೆಕ್ಕ. ಈಗ ಕಳೆಯುತ್ತಾ ಬನ್ನಿ. ಇಬ್ಬರು ಆಳು 140 ಕೆ.ಜಿ. ತಗಡಿನ ಬಾಡಿ, ಚಾವಣಿ, ರ‍್ಯಾಕು ಸೇರಿ 80. ಟ್ಯಾಂಕ್ ಹಿಡಿದುಕೊಳ್ಳುವ ಆಂಗಲ್ ಫ್ರೇಮು 50. ಖಾಲಿ ಟ್ಯಾಂಕು 20. ಪೆಟ್ರೋಲ್ ಎಂಜಿನ್ನಿನ ಪ್ರೆಶರ್ ವಾಷರ್ 40. ಜನರೇಟರ್ 45. ಪೈಪು ಮತ್ತು ಅದನ್ನು ಸುತ್ತುವ ರೀಲು 25. ವ್ಯಾಕ್ಯೂಮ್ 15. ಶಾಂಪೂ ಕ್ಯಾನು, ಬಕೆಟ್ಟು, ಏಣಿ, ಟೂಲ್ ಬಾಕ್ಸ್ ಎಲ್ಲ ಸೇರಿ 45. ಕೂಡಿಸಿದರೆ 460 ಆಯಿತು. ಉಳಿದದ್ದು 290. ಅದರಲ್ಲಿ 40 ಕೈಯಲ್ಲಿಟ್ಟುಕೊಳ್ಳಿ, ಯಾಕಂದ್ರೆ ಮೇಲೆ ಹೇಳಿದ್ದೆಲ್ಲ ಅಂದಾಜು. ನಿಮಗೆ ಸಿಗುವ ನೀರು 250 ಲೀಟರ್.

ಈ ಅಂಕಿ ಹೇಳಿದಾಗ ಮುಖ ಸಣ್ಣದಾಗುತ್ತದೆ. ಮೊನ್ನೆ ಕಾರಟಗಿ ಕಡೆಯ ಒಬ್ಬ ಹುಡುಗ ಕಾಗದ ನೋಡಿ, "ಇಷ್ಟೇನಾ? ಗಾಡಿ ಎಳಿತೈತಲ್ಲಣ್ಣಾ, ಮತ್ತೇನು?" ಅಂದ. ಎಳೆಯುತ್ತದೆ, ನಿಜ. ಎಂಜಿನ್ ಎಳೆಯುವುದರ ಬಗ್ಗೆ ನನಗೆ ಅನುಮಾನ ಇಲ್ಲ. ನನ್ನ ಚಿಂತೆ ನಿಲ್ಲಿಸುವುದರ ಬಗ್ಗೆ. ಬ್ರೇಕು, ಟೈರು, ಆಕ್ಸಲ್ ಎಲ್ಲ ಒಟ್ಟು ತೂಕ ನೋಡಿ ಮಾಡಿದ್ದು. ಇನ್ನು ಕೆಲವರು, "ಹಿಂದೆ ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ ಹಾಕಿಬಿಡಿ" ಅನ್ನುತ್ತಾರೆ. ಹಾಕಿದರೆ ಗಾಡಿಯ ಹಿಂಭಾಗ ಕುಸಿದು ಕಾಣುವುದಿಲ್ಲ, ಅಷ್ಟೇ. ಬ್ರೇಕು ಹಳೆಯದೇ, ಟೈರು ಹಳೆಯದೇ, ಆರ್.ಸಿ.ಯ ಅಂಕಿಯೂ ಹಳೆಯದೇ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸುಡುವ ಟಾರಿನ ಮೇಲೆ ಓವರ್‌ಲೋಡ್ ಆದ ಸಣ್ಣ ಟೈರು ಎಷ್ಟು ಹೊತ್ತು ತಡೆಯುತ್ತದೆ, ನೀವೇ ಯೋಚಿಸಿ.

ದಂಡದ ಮಾತೂ ಹೇಳಿಬಿಡುತ್ತೇನೆ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ಎಂದಿದೆ. ಹೆಚ್ಚಿನ ಲೋಡು ಇಳಿಸುವ ಖರ್ಚು ಬೇರೆ. ನೀರಾದರೆ ಇಳಿಸುವುದು ಸುಲಭ ಬಿಡಿ, ನಲ್ಲಿ ತಿರುಗಿಸಿದರೆ ಆಯಿತು. ದುಡ್ಡು ಮಾತ್ರ ಹೋಯಿತು.

ಇಲ್ಲಿಗೆ ಬಂದ ಮೇಲೆ ಎಲ್ಲರೂ ಒಂದು ಉಪಾಯ ಹೇಳುತ್ತಾರೆ. "ಟ್ಯಾಂಕ್ ದೊಡ್ಡದೇ ಇರಲಿ ಅಣ್ಣಾ, ನಾನು ಅರ್ಧ ತುಂಬಿಸ್ತೀನಿ." ನನ್ನ ಪ್ರಕಾರ ಇದಕ್ಕಿಂತ ಕೆಟ್ಟ ಐಡಿಯಾ ಇಲ್ಲ. ಮೊದಲನೆಯದಾಗಿ, ಅರ್ಧಕ್ಕೆ ಯಾರೂ ನಿಲ್ಲಿಸುವುದಿಲ್ಲ. ಬೋರ್‌ವೆಲ್ ಹತ್ತಿರ ಪೈಪು ಬಿಟ್ಟು ಹುಡುಗ ಫೋನ್ ನೋಡುತ್ತಾ ನಿಂತಿರುತ್ತಾನೆ, ಟ್ಯಾಂಕ್ ತುಂಬಿ ಹೊರಗೆ ಬಂದಾಗಲೇ ಅವನಿಗೆ ಎಚ್ಚರ. ಅದಕ್ಕಿಂತ ದೊಡ್ಡ ಸಮಸ್ಯೆ ನೀರಿನ ಓಲಾಟ. ಪೂರ್ತಿ ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಅಲುಗಲು ಜಾಗ ಇಲ್ಲ, ಅದು ಕಲ್ಲಿನ ಹಾಗೆ ಕೂತಿರುತ್ತದೆ. ಅರ್ಧ ತುಂಬಿದ್ದರಲ್ಲಿ ಹಾಗಲ್ಲ. ನೀವು ಬ್ರೇಕ್ ಹಾಕಿದರೆ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ, ಗಾಡಿ ನಿಂತ ಮೇಲೂ ಇನ್ನೊಮ್ಮೆ ತಳ್ಳುತ್ತದೆ. ರಾಯಲ್ ಸರ್ಕಲ್‌ನಲ್ಲಿ ಸ್ವಲ್ಪ ವೇಗವಾಗಿ ತಿರುಗಿಸಿದರೆ ನೀರು ಒಂದು ಪಕ್ಕಕ್ಕೆ ಏರಿ ನಿಲ್ಲುತ್ತದೆ. ಸ್ಟೇರಿಂಗ್ ನೇರ ಮಾಡುವಾಗ ಆ ಕಡೆಯಿಂದ ಈ ಕಡೆಗೆ ಬಡಿಯುತ್ತದೆ. ಎತ್ತರದ ಟ್ಯಾಂಕು, ಕಿರಿದಾದ ಗಾಡಿ, ಮಗುಚಲು ಇನ್ನೇನು ಬೇಕು?

ನೀವು ಕೇಳಬಹುದು: ಸರಿಯಾದ ಸೈಜಿನ ಟ್ಯಾಂಕ್ ಹಾಕಿದರೂ ಎರಡು ಕಾರು ತೊಳೆದ ಮೇಲೆ ಅದೂ ಅರ್ಧ ಆಗುತ್ತದಲ್ಲ? ಆಗುತ್ತದೆ. ಅದಕ್ಕೇ ನಾನು ಒಂದೇ ಟ್ಯಾಂಕಿಗಿಂತ ಎರಡು ಸಣ್ಣವನ್ನು ಹಾಕಿ ಅನ್ನುವುದು. 250 ಲೀಟರಿಗೆ ನೂರಿಪ್ಪತ್ತು ಲೀಟರಿನ ಎರಡು ಡ್ರಮ್ ಸಾಕು. ಡ್ರಮ್ಮಿನ ಅಗಲ ಕಮ್ಮಿ ಇರುವುದರಿಂದ ನೀರು ಓಡಾಡುವ ದೂರವೂ ಕಮ್ಮಿ. ಎರಡಕ್ಕೂ ಬೇರೆ ಬೇರೆ ವಾಲ್ವ್ ಹಾಕಿಸಿ. ಒಂದನ್ನು ಪೂರ್ತಿ ಖಾಲಿ ಮಾಡಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಗಾಡಿ ಓಡುವಾಗ ಎರಡೂ ವಾಲ್ವ್ ಬಂದ್ ಇರಬೇಕು, ಇಲ್ಲದಿದ್ದರೆ ಕೆಳಗಿನ ಪೈಪಿನಲ್ಲೇ ನೀರು ಅದರಿಂದ ಇದಕ್ಕೆ ಹರಿದು ಎರಡೂ ಅರ್ಧ ಆಗಿ ಕೂರುತ್ತವೆ. ಬೊಲೆರೊ ಪಿಕಪ್‌ನ 1,300 ಕೆ.ಜಿ. ಮಾಡೆಲ್ ಇದ್ದವರಿಗೆ ಇದೇ ಲೆಕ್ಕದಲ್ಲಿ ಸುಮಾರು 750 ಲೀಟರ್ ಸಿಗುತ್ತದೆ. ಅಲ್ಲೂ ಒಂದು 500, ಒಂದು 250 ಹಾಕಿಸಿ, ಒಂದೇ ದೊಡ್ಡದು ಬೇಡ.

ಹಳೇ ಡ್ರಮ್ ಕೊಳ್ಳುವಾಗ ಒಂದು ಎಚ್ಚರಿಕೆ. ನಮ್ಮೂರಿನಲ್ಲಿ ಜೀನ್ಸ್ ವಾಷಿಂಗ್ ಘಟಕಗಳಿಂದ ಬಂದ ನೀಲಿ ಡ್ರಮ್ ಸಸ್ತಾ ಸಿಗುತ್ತವೆ. ಅದರೊಳಗೆ ಬ್ಲೀಚಿಂಗ್ ಕೆಮಿಕಲ್ ಇದ್ದಿರಬಹುದು. ಸುಮ್ನೆ ನೂರು ರೂಪಾಯಿ ಉಳಿಸಲು ಹೋಗಿ ಗಿರಾಕಿಯ ಕಾರಿನ ಬಣ್ಣ ಹಾಳು ಮಾಡಿಕೊಳ್ಳಬೇಡಿ.

ಕಬ್ಬಿಣದ ಟ್ಯಾಂಕ್ ಗಟ್ಟಿ, ಒಳಗೆ ಅಡ್ಡ ತಗಡು ಹಾಕಿಸಿದರೆ ಓಲಾಟವೂ ಕಮ್ಮಿಯಾಗುತ್ತದೆ, ಸರಿ. ಆದರೆ ಅದರ ಸ್ವಂತ ತೂಕ ಮರೆಯಬೇಡಿ. ಒಂದು ಚದರ ಮೀಟರ್ ಕಬ್ಬಿಣದ ತಗಡು ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ಮೂರು ಮಿ.ಮೀ. ತಗಡಿನಲ್ಲಿ 500 ಲೀಟರಿನ ಟ್ಯಾಂಕ್ ಮಾಡಿದರೆ ಖಾಲಿ ಇದ್ದಾಗಲೇ 90 ಕೆ.ಜಿ. ಹತ್ತಿರ ಹೋಗುತ್ತದೆ. ಪ್ಲಾಸ್ಟಿಕ್ಕಾದರೆ ಇಪ್ಪತ್ತರೊಳಗೆ ಮುಗಿಯುತ್ತಿತ್ತು. ಸಣ್ಣ ಗಾಡಿಗೆ ಕಬ್ಬಿಣದ ಟ್ಯಾಂಕ್ ನಾನು ಹೇಳುವುದಿಲ್ಲ. ಪ್ಲಾಸ್ಟಿಕ್‌ನಲ್ಲಿ ಕಪ್ಪು ಅಥವಾ ಬೆಳಕು ಒಳಗೆ ಬಿಡದಂಥದ್ದೇ ತಗೊಳ್ಳಿ, ಬಿಳಿ ಟ್ಯಾಂಕಿನಲ್ಲಿ ನಮ್ಮ ಬಿಸಿಲಿಗೆ ಬೇಗ ಪಾಚಿ ಕಟ್ಟಿ ಪಂಪಿನ ಫಿಲ್ಟರ್ ಮುಚ್ಚಿಹೋಗುತ್ತದೆ.

ಇನ್ನು ಎಲ್ಲಿ ಕೂರಿಸಬೇಕು ಅನ್ನುವ ವಿಷಯ. ಪಂಪು ಹಿಂದಿನ ಡೋರ್ ಹತ್ತಿರ ಇರುತ್ತದೆ, ಪೈಪು ಗಿಡ್ಡ ಆಗಲಿ ಅಂತ ಟ್ಯಾಂಕನ್ನೂ ಅಲ್ಲೇ ಕೇಳುತ್ತಾರೆ. ಟಾಟಾ ಏಸ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 2,100 ಮಿ.ಮೀ. 500 ಕೆ.ಜಿ.ಯ ಟ್ಯಾಂಕನ್ನು ಹಿಂದಿನ ಆಕ್ಸಲ್‌ಗಿಂತ 300 ಮಿ.ಮೀ. ಹಿಂದೆ ಕೂರಿಸಿದರೆ ಮುಂದಿನ ಚಕ್ರಗಳ ಮೇಲಿಂದ ಸುಮಾರು 70 ಕೆ.ಜಿ. ಎದ್ದುಹೋಗುತ್ತದೆ. ಹಿಂದಿನ ಆಕ್ಸಲ್ 570 ಹೊರುತ್ತದೆ. ಸ್ಟೇರಿಂಗ್ ಹಗುರ ಆಯಿತು ಅಂತ ಕೆಲವರು ಖುಷಿಪಡುತ್ತಾರೆ. ಹಗುರ ಆದದ್ದು ಮುಂದಿನ ಟೈರು ನೆಲ ಬಿಗಿಯಾಗಿ ಹಿಡಿಯದೆ ಇರುವುದಕ್ಕೆ. ರಾತ್ರಿ ಹೆಡ್‌ಲೈಟ್ ಆಕಾಶ ನೋಡುತ್ತದೆ. ಟ್ಯಾಂಕಿನ ನಡುಭಾಗ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇರಲಿ. ಎಡ ಬಲ ಸಮ ಇರಲಿ. ಪೈಪು ಒಂದು ಮೀಟರ್ ಉದ್ದ ಆದರೆ ಆಗಲಿ ಬಿಡಿ.

ಹಗ್ಗ ಹಾಕಿ ಕಟ್ಟುವುದನ್ನು ನಮ್ಮ ಶೆಡ್‌ನಲ್ಲಿ ಒಪ್ಪುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಟ್ಯಾಂಕು ತನ್ನ ತೂಕದ ಅರ್ಧದಷ್ಟು ಬಲದಲ್ಲಿ ಕ್ಯಾಬಿನ್ ಕಡೆ ತಳ್ಳುತ್ತದೆ. ಫ್ರೇಮಿನ ಬೋಲ್ಟು ಚಾಸಿ ತನಕ ಹೋಗಿರಬೇಕು. ತಗಡಿಗೆ ಸ್ಕ್ರೂ ಹೊಡೆದರೆ ಸಾಲದು. ಟ್ಯಾಂಕಿನಿಂದ ಪಂಪಿಗೆ ಗಟ್ಟಿ ಪಿ.ವಿ.ಸಿ. ಪೈಪ್ ಹಾಕಬೇಡಿ, ಅಲುಗಾಟಕ್ಕೆ ಮೊದಲು ಬಿರಿಯುವುದು ಆ ಜಾಯಿಂಟೇ. ಒಂದು ಅಡಿ ರಬ್ಬರ್ ಹೋಸ್ ನಡುವೆ ಇರಲಿ. ಮುಚ್ಚಳದಲ್ಲಿ ಗಾಳಿಗೆ ಒಂದು ತೂತು ಇರಬೇಕು, ಇಲ್ಲದಿದ್ದರೆ ಪಂಪು ಎಳೆದ ಹಾಗೆ ಟ್ಯಾಂಕ್ ಒಳಕ್ಕೆ ಚಪ್ಪಟೆ ಆಗುತ್ತದೆ. ಓಮ್ನಿ, ಈಕೋ ಥರದ ಗಾಡಿಯ ಸೀಟು ತೆಗೆಸಿ ಟ್ಯಾಂಕ್ ಹಾಕುವವರು ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಗಾಡಿಯ ರೂಪ ಬದಲಿಸಲು ಅನುಮತಿ ಬೇಕು.

ಈಗ 250 ಲೀಟರ್ ಸಾಕಾಗುತ್ತಾ ಅನ್ನುವ ಪ್ರಶ್ನೆ. ಪ್ರೆಶರ್ ವಾಷರ್ ನಿಮಿಷಕ್ಕೆ ಸುಮಾರು ಎಂಟು ಹತ್ತು ಲೀಟರ್ ತೆಗೆದುಕೊಳ್ಳುತ್ತದೆ. ಒಂದು ಕಾರಿಗೆ ಗನ್ ಒತ್ತಿ ಹಿಡಿಯುವುದು ಆರೇಳು ನಿಮಿಷ, ಉಳಿದ ಹೊತ್ತೆಲ್ಲ ಶಾಂಪೂ, ಬಟ್ಟೆ, ವ್ಯಾಕ್ಯೂಮ್. ಅಂದರೆ ಕಾರಿಗೆ 60 ಲೀಟರ್, ಒಂದು ಸಲ ತುಂಬಿಸಿದರೆ ನಾಲ್ಕು ಕಾರು. ಗಿರಾಕಿಯ ಮನೆಯಲ್ಲಿ ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ಇಂಚಿನ ನಲ್ಲಿಯಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಬಂದರೂ ನೀವು ವ್ಯಾಕ್ಯೂಮ್ ಮಾಡುವ ಹೊತ್ತಿಗೆ ಖರ್ಚಾದ ನೀರು ವಾಪಸ್ ಬಂದಿರುತ್ತದೆ. ಒಂದು ಫ್ಲೋಟ್ ವಾಲ್ವ್ ಹಾಕಿಸಿಕೊಳ್ಳಿ, ಉಕ್ಕುವ ಚಿಂತೆ ಇರುವುದಿಲ್ಲ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಯಲ್ಲಿ ಮಾತ್ರ ಕೇಳಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಪೆಟ್ರೋಲ್ ಎಂಜಿನ್ನಿನ ವಾಷರ್ ಇದ್ದವರಿಗೆ ಜನರೇಟರ್ ಬೇಕಾಗುವುದು ವ್ಯಾಕ್ಯೂಮ್‌ಗೆ ಮಾತ್ರ. ಬ್ಯಾಟರಿ ವ್ಯಾಕ್ಯೂಮ್ ತಗೊಂಡರೆ 45 ಕೆ.ಜಿ. ಇಳಿಯಿತು, ಹೆಚ್ಚುಕಮ್ಮಿ ಇನ್ನೊಂದು ಕಾರಿನ ನೀರು ಸಿಕ್ಕಿತು.

ಸೋಲಾರ್ ಕೆಲಸದವರ ಕತೆ ಸ್ವಲ್ಪ ಬೇರೆ. ಮೆತ್ತನೆ ಬ್ರಶ್ ಇದ್ದರೆ ಒಂದು ಪ್ಯಾನಲ್ಲಿಗೆ ಎರಡು ಮೂರು ಲೀಟರ್ ಸಾಕು. ಆದರೆ ಕೊಪ್ಪಳ, ರಾಯಚೂರು ಕಡೆ ಬೋರ್ ನೀರು ಗಡುಸು. ಅದರಲ್ಲಿ ತೊಳೆದು ಬಿಟ್ಟರೆ ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಧೂಳಿಗಿಂತ ಅದನ್ನು ತೆಗೆಯುವುದು ಕಷ್ಟ. ಹಾಗಾಗಿ ಅಲ್ಲಿ ಸಿಕ್ಕಲ್ಲಿ ತುಂಬಿಸುವ ಹಾಗಿಲ್ಲ, ಆರ್.ಒ. ನೀರನ್ನು ಊರಿಂದಲೇ ಒಯ್ಯಬೇಕು. ಇವರು ಎಂಜಿನ್ ವಾಷರ್ ಬಿಟ್ಟು 12 ವೋಲ್ಟ್‌ನ ಸಣ್ಣ ಪಂಪಿಗೆ ಹೋದರೆ ವಾಷರ್, ಜನರೇಟರ್, ದಪ್ಪ ಪೈಪು ಎಲ್ಲದರ ತೂಕ ನೀರಿಗೆ ಸಿಗುತ್ತದೆ. ಅದೇ 750 ಕೆ.ಜಿ. ಗಾಡಿಯಲ್ಲಿ 350 ಲೀಟರ್ ತನಕ ಹೋಗಬಹುದು. ನೂರಕ್ಕೂ ಹೆಚ್ಚು ಪ್ಯಾನಲ್ ಆಯಿತು.

ಎಲ್ಲ ಕೂರಿಸಿ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ, ಡೀಸೆಲ್ಲೋ ಪೆಟ್ರೋಲೋ ಫುಲ್ ಮಾಡಿಸಿ, ಇಬ್ಬರೂ ಕೂತು ವೇ ಬ್ರಿಡ್ಜ್‌ಗೆ ಹೋಗಿ. ರೈಸ್ ಮಿಲ್, ಎ.ಪಿ.ಎಂ.ಸಿ., ಅದಿರು ಪ್ಲಾಟ್ ಎಲ್ಲಿ ಬೇಕಾದರೂ ಆಗುತ್ತದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಹಾಕಿಸಿ, ಆಮೇಲೆ ಪೂರ್ತಿ ಗಾಡಿ. ಒಂದರಿಂದ ಒಂದನ್ನು ಕಳೆದರೆ ಹಿಂದಿನ ಆಕ್ಸಲ್ ಎಷ್ಟು ಹೊರುತ್ತಿದೆ ಗೊತ್ತಾಗುತ್ತದೆ. ಆರ್.ಸಿ.ಯಲ್ಲಿ ಇರುವುದಕ್ಕಿಂತ ಒಟ್ಟು ತೂಕ ಜಾಸ್ತಿ ಬಂದರೆ ಅಲ್ಲೇ ನೀರು ಬಿಡುತ್ತಾ ಬನ್ನಿ. ಅಂಕಿ ಸರಿಹೋದ ಮಟ್ಟಕ್ಕೆ ಡ್ರಮ್ಮಿಗೆ ತೂತು ಕೊರೆಸಿ ಹೊರಹರಿವಿನ ಪೈಪ್ ಹಾಕಿಸಿಬಿಡಿ. ಆಗ ಹುಡುಗ ಫೋನ್ ನೋಡುತ್ತಾ ನಿಂತರೂ ಅದಕ್ಕಿಂತ ಮೇಲೆ ತುಂಬುವುದಿಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ತೂಕ ಹಾಕಿಸಿ. ಅಷ್ಟರಲ್ಲಿ ಗಾಡಿಯೊಳಗೆ ಒಂದು ಹಳೇ ಮೋಟಾರು, ಎರಡು ಏಣಿ, ಯಾರದೋ ಸಿಮೆಂಟ್ ಚೀಲ ಸೇರಿಕೊಂಡೇ ಇರುತ್ತದೆ.